ಒರಿಜಿನಲ್ ತುಕ್ಕು

"ಅಣ್ಣಾ, ಅದನ್ನ ಮುಟ್ಟಬೇಡಿ!" ಎಂದು ಸೀನ ಕೂಗುವಷ್ಟರಲ್ಲಿ ನಾನು ಮುಟ್ಟಿಯಾಗಿತ್ತು. ಬಾಗಿಲಿನ ಹಿಡಿ ಕೈಗೆ ಬಂತು. ಅದರ ಹಿಂದೆಯೇ ಅಂಗೈ ಅಗಲದ ಬಾಗಿಲೂ ಬಂತು.

"ಒರಿಜಿನಲ್ ಹ್ಯಾಂಡಲ್ ಅದು," ಎಂದ, ಅಳುಮೋರೆ ಹಾಕಿಕೊಂಡು.

"ಹ್ಯಾಂಡಲ್ ಗಟ್ಟಿಯಾಗೇ ಇದೆ ಕಣಪ್ಪ. ಕಿತ್ತುಬಂದಿದ್ದು ಗಾಡಿ," ಎಂದೆ.

ತುಮಕೂರಿನ ಬಟವಾಡಿಯಲ್ಲಿ ಸೀನನ ಮನೆ ಹಿತ್ತಲಿಗೆ ಈ ಮೆಟಡೋರ್ ಬಂದು ನಿಂತು ಎಂಟು ತಿಂಗಳಾಯಿತು. ಬಂದು ನಿಂತಿತು ಅನ್ನುವುದು ತಪ್ಪು. ಲಾರಿ ಮೇಲೆ ಬಂತು, ಇಳಿಸಿದರು, ಕೂತುಬಿಟ್ಟಿತು. 1986ರ ಗಾಡಿ. ಮಲ್ಪೆ ಕಡೆಯವರಿಗೆ ಅರವತ್ತು ಸಾವಿರ ಕೊಟ್ಟು ತಂದಿದ್ದಾನೆ. ಇದನ್ನು ರಿಪೇರಿ ಮಾಡಿ ಕ್ಯಾಂಪರ್ ವ್ಯಾನ್ ಮಾಡುತ್ತಾನಂತೆ. ಒಳಗೆ ಮಂಚ, ಗ್ಯಾಸ್ ಒಲೆ, ಸಿಂಕು, ಕಿಟಕಿಗೆ ಹೂವಿನ ಪರದೆ. ಬೆಂಗಳೂರಿನ ಕೆಲಸವನ್ನು ಮನೆಯಲ್ಲೇ ಕೂತು ಮಾಡುವವರಿಗೆ ಈಗ ಇದೊಂದು ಹುಚ್ಚು. ಮನೆಯಲ್ಲಿದ್ದೂ ಇದ್ದೂ ಮನೆ ಸಾಕಾಗಿ, ಗಾಡಿಯೊಳಗೆ ಇನ್ನೊಂದು ಮನೆ ಕಟ್ಟುತ್ತಾರೆ.

ನನಗೆ ಇದನ್ನು ಕಂಡರೆ ಆಗುವುದಿಲ್ಲ. ಆದರೆ ಜಾಸ್ತಿ ಬೈಯುವ ಹಾಗೂ ಇಲ್ಲ. ಅವನು ಉಪ್ಪುಕಾಗದ, ವೈರ್ ಬ್ರಷ್, ಪುಟ್ಟಿ ಎಲ್ಲ ಒಯ್ಯುವುದು ನನ್ನ ಅಂಗಡಿಯಿಂದಲೇ.

"ನಮ್ಮದು ಒಣ ಊರು. ಇಲ್ಲಿ ಇಷ್ಟೊಂದು ತುಕ್ಕು ಹೇಗೆ ಹಿಡೀತು?" ಎಂದ ಇನ್ಶೂರೆನ್ಸ್ ಮೂರ್ತಿ.

"ಇಲ್ಲಿ ಹಿಡಿದಿದ್ದಲ್ಲ ಸ್ವಾಮಿ, ಹಿಡಿದೇ ಬಂದಿದ್ದು," ಎಂದ ಗ್ಯಾರೇಜ್ ನಾಗಣ್ಣ. "ಮೀನು ಹೊತ್ತ ಗಾಡಿ. ಐಸ್ ಕರಗಿ ಉಪ್ಪುನೀರು ನೆಲಕ್ಕೆ ಇಳಿದಿದೆ. ಬರೀ ನೀರಾಗಿದ್ರೆ ನಿಧಾನ. ಉಪ್ಪು ಸೇರಿತು ಅಂದ್ರೆ ತುಕ್ಕಿಗೆ ಹಬ್ಬ. ಮೇಲೆ ಬಣ್ಣ ಹಾಗೇ ಇರುತ್ತೆ, ಒಳಗಿಂದ ತಿಂದುಕೊಂಡು ಬರುತ್ತೆ. ಬಣ್ಣದಲ್ಲಿ ಒಂದು ಗುಳ್ಳೆ ಕಾಣಿಸೋ ಹೊತ್ತಿಗೆ ಹಿಂದೆ ಏನೂ ಉಳಿದಿರಲ್ಲ."

"ಉಪ್ಪಿನಿಂದ ಕೆಟ್ಟಿದ್ದನ್ನ ಉಪ್ಪುಕಾಗದದಿಂದ ಸರಿ ಮಾಡ್ತಿದ್ದಾನೆ," ಎಂದೆ.

ಮೀನಿನ ವಿಷಯ ಸೀನನಿಗೆ ಮೊದಲು ಗೊತ್ತಿರಲಿಲ್ಲ. ಗೊತ್ತಾಗಿದ್ದು ಮಾರ್ಚ್ ತಿಂಗಳ ಬಿಸಿಲಿಗೆ. ನೆಲದ ತಗಡು ಕಾದಂತೆ ವಾಸನೆ ಎದ್ದಿತು. ಬೀದಿಯ ಬೆಕ್ಕುಗಳೆಲ್ಲ ಬಂದು ಗಾಡಿಯ ಸುತ್ತ ಕೂತವು. ಸೀನನ ತಾಯಿ ಗೌರಮ್ಮನವರು ಈರುಳ್ಳಿಯನ್ನೂ ಸೋಮವಾರ ಮುಟ್ಟುವವರಲ್ಲ. ಹದಿನೈದು ದಿನ ಹಿತ್ತಲಿನ ಬಾಗಿಲು ತೆಗೆಯಲಿಲ್ಲ.

"ಇವಕ್ಕೆ ಮಾತ್ರ ಈ ಗಾಡಿಯ ಬೆಲೆ ಗೊತ್ತು," ಎಂದಳು ಸೀನನ ಹೆಂಡತಿ ಸುಮ, ಕಾಫಿ ಲೋಟ ಇಡುತ್ತ. ಬೆಕ್ಕುಗಳಲ್ಲಿ ಎರಡು ಇನ್ನೂ ಖಾಯಂ ಆಗಿ ಇಲ್ಲೇ ಇವೆ.

"ನಿಮಗೆ ಯಾರಿಗೂ ಇದರ ಹಿಸ್ಟರಿ ಗೊತ್ತಿಲ್ಲ," ಎಂದು ಸೀನ ಶುರುಮಾಡಿದ. ಅವನು ಶುರುಮಾಡಿದರೆ ಜರ್ಮನಿಗೆ ಹೋಗದೆ ನಿಲ್ಲುವುದಿಲ್ಲ. "1947ರಲ್ಲಿ ಬೆನ್ ಪಾನ್ ಅಂತ ಹಾಲೆಂಡಿನ ಕಾರು ವ್ಯಾಪಾರಿ, ತನ್ನ ಪುಸ್ತಕದಲ್ಲಿ ಒಂದು ಡಬ್ಬದ ಚಿತ್ರ ಗೀಚಿದ. ಡಬ್ಬ, ಅದರ ಹಿಂದೆ ಇಂಜಿನ್. ಅದೇ ಫೋಕ್ಸ್‌ವ್ಯಾಗನ್ ವ್ಯಾನ್ ಆಯ್ತು. 1950ರಲ್ಲಿ ಫ್ಯಾಕ್ಟರಿಯಿಂದ ಹೊರಗೆ ಬಂತು. ಮಾರನೇ ವರ್ಷವೇ ವೆಸ್ಟ್‌ಫಾಲಿಯಾ ಕಂಪನಿಯವರು ಅದರೊಳಗೆ ಮಂಚ ಕಪಾಟು ಕೂರಿಸಿದ್ರು. ಬ್ರೆಜಿಲ್‌ನಲ್ಲಿ 2013ರವರೆಗೂ ಮಾಡ್ತಾ ಇದ್ರು. ಹಳೇ ಗಾಡಿಗಳಿಗೆ ರೇಡಿಯೇಟರೇ ಇಲ್ಲ ಅಣ್ಣ. ಗಾಳಿಯಿಂದಲೇ ಇಂಜಿನ್ ತಣ್ಣಗಾಗುತ್ತೆ."

"ಇಂಜಿನ್ ಹಿಂದೆ ಇದ್ರೆ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂರೋರು ಎಲ್ಲಿ ಕೂರ್ತಾರೆ?" ಎಂದು ಕೇಳಿದ ನಾಗಣ್ಣ.

ಇದಕ್ಕೆ ಸೀನನ ಹತ್ತಿರ ಉತ್ತರ ಇರಲಿಲ್ಲ. ಬೆನ್ ಪಾನ್ ಹತ್ತಿರವೂ ಇದ್ದಿರಲಾರದು.

"ಅದೆಲ್ಲ ಸರಿ. ನಿಂದು ಪುಣೆಯ ಬಜಾಜ್ ಟೆಂಪೊ ಅಲ್ವಾ? ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದೆ.

"ಇದೆ. 1949ರಲ್ಲಿ ಜರ್ಮನಿಯಲ್ಲಿ ಮೊದಲನೇ ಟೆಂಪೊ ಮೆಟಡೋರ್ ಬಂದಾಗ ಅದಕ್ಕೆ ಹಾಕಿದ್ದೇ ಫೋಕ್ಸ್‌ವ್ಯಾಗನ್ ಇಂಜಿನ್. 1952ರಲ್ಲಿ ಫೋಕ್ಸ್‌ವ್ಯಾಗನ್‌ನವರು ಕೊಡೋದು ನಿಲ್ಲಿಸಿಬಿಟ್ರು."

"ಅಂದ್ರೆ ಹಳೇ ಬೀಗರು. ಹೆಣ್ಣು ಕೊಡೋದು ನಿಲ್ಲಿಸಿ ಎಪ್ಪತ್ತು ವರ್ಷ ದಾಟಿದೆ. ನೀನು ಇನ್ನೂ ಲಗ್ನಪತ್ರಿಕೆ ಹಿಡ್ಕೊಂಡು ಕೂತಿದ್ದೀಯ."

ಸುಮ ನಕ್ಕಳು. ಸೀನ ನಗಲಿಲ್ಲ. "ಕ್ಯಾಂಪಿಂಗ್ ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಗೊತ್ತೇ ಇಲ್ಲ ಅಣ್ಣ. ಅದೇ ತೊಂದರೆ," ಎಂದ.

ಇದಕ್ಕೆ ನನಗೆ ನಿಜವಾಗಿ ರೇಗಿತು. "ಗುಬ್ಬಿ ಇಲ್ಲಿಂದ ಇಪ್ಪತ್ತು ಕಿಲೋಮೀಟರ್. 1884ರಲ್ಲಿ ಶುರುವಾದ ನಾಟಕ ಕಂಪನಿ ಅಲ್ಲಿಯದು. ಪರದೆ, ಪೆಟಾರಿ, ಪಾತ್ರೆ, ಮಕ್ಕಳುಮರಿ ಎಲ್ಲ ಕಟ್ಟಿಕೊಂಡು ಊರೂರಿಗೆ ಹೋಗಿ ತಿಂಗಳುಗಟ್ಟಲೆ ಕ್ಯಾಂಪು ಹಾಕುತ್ತಿದ್ರು. ಕ್ಯಾಂಪು ಅನ್ನೋ ಮಾತನ್ನ ನಮ್ಮ ಜಿಲ್ಲೆಯವರಿಗೆ ಹೇಳಿಕೊಡ್ತೀಯಾ? ಅವರು ಹೋಗಿದ್ದು ಹೊಟ್ಟೆ ಪಾಡಿಗೆ. ನೀನು ಹೊರಟಿರೋದು ಹೊಟ್ಟೆ ಕರಗಿಸೋಕೆ. ಸಿದ್ಧಗಂಗೆ ಜಾತ್ರೆಗೆ ದನ ಹೊಡ್ಕೊಂಡು ಬರೋರನ್ನ ನೋಡಿದ್ದೀಯಾ? ಗಾಡಿ ಕೆಳಗೆ ಚಾಪೆ, ಮೂರು ಕಲ್ಲಿನ ಒಲೆ. ಪರದೆ ಒಂದು ಇರಲಿಲ್ಲ, ಅಷ್ಟೇ."

"ಎಲ್ಲಿಗೆ ಹೋಗೋದು ಅಂತ ಕೇಳಿ ಅಣ್ಣ," ಎಂದಳು ಸುಮ. "ದೇವರಾಯನದುರ್ಗಕ್ಕೆ! ಇಲ್ಲೇ ಪಕ್ಕದಲ್ಲಿ. ರಾತ್ರಿ ಗಾಡಿಯಲ್ಲಿ ಮಲಗೋದಂತೆ. ಬೆಳಿಗ್ಗೆ ಎದ್ದು ಕ್ಯಾತ್ಸಂದ್ರಕ್ಕೆ ಬಂದು ತಟ್ಟೆ ಇಡ್ಲಿ ತಿನ್ನೋದಂತೆ. ಕ್ಯಾತ್ಸಂದ್ರಕ್ಕೆ ಇಲ್ಲಿಂದ ನಡ್ಕೊಂಡೇ ಹೋಗಬಹುದು. ಇಡ್ಲಿಗೆ ಇಷ್ಟು ಸುತ್ತಬೇಕಾ?"

"ಮತ್ತೆ ಆ ಒಲೆ, ಸಿಂಕು?"

"ಅದು ಫೋಟೋಗೆ."

ಮಾತು ಎಲ್ಲಿಂದಲೋ ಇನ್ಶೂರೆನ್ಸಿಗೆ ಹೊರಳಿತು. ಮೂರ್ತಿ ಇದ್ದ ಕಡೆ ಅದು ಹೊರಳದೆ ಇರುವುದಿಲ್ಲ. ಸೀನ "ವಿಂಟೇಜ್ ಗಾಡಿ" ಎಂದ ಕೂಡಲೇ ಮೂರ್ತಿ ಕೈ ಎತ್ತಿದ.

"ವಿಂಟೇಜ್ ಅಂತ ಸುಮ್ನೆ ಹೇಳೋ ಹಾಗಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಗಾಡಿಗೆ 50 ವರ್ಷ ದಾಟಿರಬೇಕು. ನಂಬರಿನಲ್ಲಿ ವಿ ಎ ಅಂತ ಬರುತ್ತೆ. ಹೊಸದಾಗಿ ಮಾಡಿಸೋಕೆ 20,000 ರೂಪಾಯಿ. ದಿನಾ ಓಡಿಸೋ ಹಾಗಿಲ್ಲ, ಪ್ರದರ್ಶನಕ್ಕೆ ರ್‍ಯಾಲಿಗೆ ಒಯ್ಯಬಹುದು. ಮತ್ತೆ ಛಾಸಿ, ಬಾಡಿ, ಇಂಜಿನ್ನು, ಇವನ್ನ ದೊಡ್ಡದಾಗಿ ಬದಲಾಯಿಸಿರಬಾರದು. ಒರಿಜಿನಲ್ ಇರಬೇಕು."

"ಹಾಗಾದ್ರೆ ಸೀನ, 2036ರವರೆಗೆ ಕಾಯಿ," ಎಂದೆ. "ಅಲ್ಲಿವರೆಗೂ ಆ ತುಕ್ಕು ಮಾತ್ರ ಮುಟ್ಟಬೇಡ. ಇದರಲ್ಲಿ ಒರಿಜಿನಲ್ ಅಂತ ಉಳಿದಿರೋದು ಅದೊಂದೇ."

"1986 ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ," ಎಂದೂ ಸೇರಿಸಿದೆ. "ಇದು ವಿಂಟೇಜ್ ಆದ್ರೆ ನಾನೇನು?"

"ನಿನಗೆ ಐವತ್ತು ದಾಟಿದೆ, ವಯಸ್ಸಿನಲ್ಲಿ ಪಾಸು," ಎಂದ ಮೂರ್ತಿ. "ಆದ್ರೆ ಹೋದ ವರ್ಷ ಸ್ಟೆಂಟ್ ಹಾಕಿಸಿಕೊಂಡೆಯಲ್ಲ, ಇಂಜಿನ್ ಬಿಚ್ಚಿದ ಲೆಕ್ಕ. ನಿನಗೆ ಕೊಡಲ್ಲ."

ಅಪರೂಪಕ್ಕೆ ಮೂರ್ತಿಯೂ ಒಳ್ಳೆಯ ಮಾತಾಡುತ್ತಾನೆ.

ಹಿಡಿ ಕಿತ್ತುಬಂದದ್ದಕ್ಕೆ ನಾನೊಬ್ಬನೇ ಕಾರಣ ಅಲ್ಲ, ಇದನ್ನು ಹೇಳಲೇಬೇಕು. ಹೋದ ಭಾನುವಾರ ಸೀನ ಗ್ರೈಂಡರ್ ಹಿಡಿದು ಫುಟ್‌ಬೋರ್ಡಿನ ಕೆಳಗಿನ ತಗಡನ್ನೆಲ್ಲ ಉದ್ದಕ್ಕೂ ಕೊಯ್ದುಬಿಟ್ಟಿದ್ದ. ಕೊಯ್ಯುವ ಮೊದಲು ಬಾಗಿಲಿನ ಸಂದಿಗೆ ಅಡ್ಡಲಾಗಿ ಒಂದೊಂದು ಆಂಗಲ್ ಕೊಟ್ಟು ವೆಲ್ಡ್ ಮಾಡಿಕೋ ಎಂದು ನಾಗಣ್ಣ ಸಾರಿ ಸಾರಿ ಹೇಳಿದ್ದ. ಇಂಥ ಗಾಡಿಗೆ ಆ ತಗಡೂ ಒಂದು ಬೆನ್ನೆಲುಬು. ಅದನ್ನು ತೆಗೆದರೆ ಮೈ ಜೋಲುತ್ತದೆ. ಸೀನ ನೋಡಿದ ವಿಡಿಯೋದಲ್ಲಿ ಆ ಭಾಗವನ್ನು ಬೇಗ ಬೇಗ ಓಡಿಸಿದ್ದರಂತೆ. ಸಂಜೆಗೆ ಗಾಡಿ ನಡುವಿನಲ್ಲಿ ಎರಡು ಬೆರಳು ಕುಸಿದಿತ್ತು. ಅಂದಿನಿಂದ ತೆಗೆದ ಬಾಗಿಲು ಹಾಕಿಕೊಳ್ಳುವುದಿಲ್ಲ, ಹಾಕಿದ ಬಾಗಿಲು ತೆಗೆಯಲು ಬರುವುದಿಲ್ಲ.

ವೆಲ್ಡಿಂಗ್ ಕಥೆ ಇನ್ನೊಂದು. ಬೆರಳು ತೂರುವಷ್ಟು ತೂತು ಮುಚ್ಚಲು ಹೋದ. ಸುತ್ತಲಿನ ತಗಡು ಹಪ್ಪಳದಂತಿತ್ತು, ಕಿಡಿ ತಾಗಿದ್ದೇ ಕರಗಿ ತೂತು ಅಂಗೈಯಷ್ಟಾಯಿತು. ಅಂಗೈಯಷ್ಟನ್ನು ಮುಚ್ಚಲು ಹೋದಾಗ ಮೊರದಷ್ಟಾಯಿತು. "ಗಟ್ಟಿ ತಗಡು ಸಿಗೋವರೆಗೆ ಕೊಯ್ಯಬೇಕು, ಆಮೇಲೆ ಹೊಸ ತಗಡು ಕೂಡಿಸಬೇಕು," ಎಂದ ನಾಗಣ್ಣ. ಸೀನ ಗಟ್ಟಿ ತಗಡು ಹುಡುಕುತ್ತ ಹೋಗಿ ಆ ಕಡೆ ಬಾಗಿಲಿನಿಂದ ಹೊರಗೆ ಬಂದ. ಹದಿನೆಂಟು ಗೇಜಿನ ಹಾಳೆ ಮೂರಾದವು.

ಮಳೆಗಾಲದ ಗಾಳಿಗೆ ಮೇಲಿನಿಂದ ಒಂದು ತೆಂಗಿನಕಾಯಿ ಬಿತ್ತು. ಚಾವಣಿ ತೂರಿ, ನೆಲ ತೂರಿ, ಸೀದಾ ಮಣ್ಣಿಗೆ. ಗಾಡಿ ನಡುವೆ ಇದ್ದದ್ದು ಕಾಯಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಸೀನ ಮೊದಲಿಂದ ಸನ್‌ರೂಫ್ ಬೇಕು ಎನ್ನುತ್ತಿದ್ದ. ಕಲ್ಪತರು ನಾಡು ನಮ್ಮದು, ಕೇಳಿದ್ದು ಸಿಗುತ್ತದೆ.

"ಈಗ ಪ್ರೈಮರ್ ಹೊಡೆದರೆ ಒಂದು ಹಂತ ಮುಗೀತು," ಎಂದು ಸೀನ ನಾನು ತಂದ ಡಬ್ಬಿ ತೆರೆದ. ರೆಡ್ ಆಕ್ಸೈಡು. ಬಳಿದ ಜಾಗವೂ ಕೆಂಪು, ಬಳಿಯದ ತುಕ್ಕೂ ಕೆಂಪು. ಎಲ್ಲಿವರೆಗೆ ಬಳಿದೆ ಎಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಆ ಬಣ್ಣದ ಪುಡಿಯೂ ಕಬ್ಬಿಣದ ಆಕ್ಸೈಡೇ, ಅಂದರೆ ತುಕ್ಕಿನ ಜಾತಿಯದೇ. ಎಂಟು ತಿಂಗಳು ಕೆರೆದು ತೆಗೆದದ್ದನ್ನು ನಾನು ಲೀಟರ್ ಲೆಕ್ಕದಲ್ಲಿ ವಾಪಸ್ ಮಾರುತ್ತಿದ್ದೇನೆ. ಇದನ್ನು ನಾನು ಹೇಳಲಿಲ್ಲ. ವ್ಯಾಪಾರಸ್ಥ ಎಲ್ಲ ಹೇಳಬಾರದು.

"ಒಟ್ಟು ಎಷ್ಟಾಯ್ತು ಇಲ್ಲಿವರೆಗೆ?" ಎಂದ ಮೂರ್ತಿ. ಸೀನ ಸುಮಳ ಕಡೆ ನೋಡಿ, "ಲೆಕ್ಕ ಇಟ್ಟಿಲ್ಲ," ಎಂದ. ಸುಮ ನನ್ನ ಕಡೆ ನೋಡಿದಳು. ನಾನು ಬೆಕ್ಕಿನ ಕಡೆ ನೋಡಿದೆ.

ಅಷ್ಟು ಹೊತ್ತಿಗೆ ನಾಗಣ್ಣ ಕಾಣಿಸಲಿಲ್ಲ. ನೋಡಿದರೆ ಆಸಾಮಿ ಡ್ರೈವರ್ ಸೀಟಿನಲ್ಲಿದ್ದಾನೆ. ಸೀಟು ಅಂದರೆ ಎರಡು ಇಟ್ಟಿಗೆ, ಒಂದು ಹಲಗೆ. ಕೆಳಗೆ ನೆಲ ಇಲ್ಲ, ಕಾಲು ಸೀದಾ ಹುಲ್ಲಿನ ಮೇಲೆ. ಗ್ಯಾರೇಜ್ ಇಡುವ ಮೊದಲು ಹನ್ನೆರಡು ವರ್ಷ ಅವನು ಮಧುಗಿರಿ ರೋಡಿನಲ್ಲಿ ಮೆಟಡೋರ್ ಓಡಿಸಿದವನು. ಬರೆದಿದ್ದ ಸೀಟು ಎಷ್ಟೋ, ಹತ್ತುತ್ತಿದ್ದವರು ಮೂವತ್ತು. ಬಾನೆಟ್ ಮೇಲೆ ನಾಲ್ಕು ಜನ, ಚಳಿಗಾಲದಲ್ಲಿ ಅದಕ್ಕೆ ಜಗಳ. ಪಿಯುಸಿ ಓದುವಾಗ ನಾನೂ ಆ ಬಿಸಿಯ ಮೇಲೆ ಕೂತು ಹೋದವನೇ, ತೊಡೆ ಮೇಲೆ ಯಾರದೋ ಕೋಳಿ.

ನಾಗಣ್ಣನ ಕೈ ತಾನಾಗಿ ಗೇರಿನ ಕಡೆ ಹೋಯಿತು. ಅಲ್ಲಿ ಗೇರ್ ಇರಲಿಲ್ಲ. ಕೈಯನ್ನು ಹಾಗೇ ಗಾಳಿಯಲ್ಲಿ ಇಟ್ಟುಕೊಂಡು, ತಲೆ ಹೊರಗೆ ಹಾಕಿ, ಒಂದೇ ಉಸಿರಿಗೆ ಕೂಗಿದ. "ಕೊರಟಗೆರೆ ಮಧುಗಿರಿ ಕೊರಟಗೆರೆ ಮಧುಗಿರೀ!"

ನಾವು ನಗುವಷ್ಟರಲ್ಲಿ ಹಿತ್ತಲಿನ ಬಾಗಿಲು ಕಿರ್ ಎಂದಿತು. ಮೀನಿನ ವಾಸನೆಗೆ ಮುಚ್ಚಿದ್ದ ಬಾಗಿಲು. ಗೌರಮ್ಮನವರು ಸೆರಗು ಹೊದ್ದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು.

"ತೋವಿನಕೆರೆಗೆ ಹೋಗುತ್ತಾಪ್ಪಾ?"

ತೋವಿನಕೆರೆ ಅವರ ತವರು. ಅಲ್ಲಿ ಈಗ ಯಾರೂ ಇಲ್ಲ, ಮನೆಗೆ ಬೀಗ ಬಿದ್ದು ಆರೇಳು ವರ್ಷವಾಯಿತು.

"ಹೋಗುತ್ತೆ ಬಾರವ್ವ, ಸೀಟ್ ಖಾಲಿ ಇದೆ," ಎಂದ ನಾಗಣ್ಣ. ಮೆಟಡೋರಿನವರು ಯಾವ ಊರು ಕೇಳಿದರೂ ಇಲ್ಲ ಎಂದದ್ದನ್ನು ನಾನು ಕಂಡಿಲ್ಲ.

ಗೌರಮ್ಮನವರು ಬೆಕ್ಕುಗಳನ್ನು ದಾಟಿ ಬಂದರು. ಸೀನ ಕೈ ಹಿಡಿದು ಹತ್ತಿಸಿದ. ಬಾನೆಟ್ ಇರಬೇಕಾದ ಕಡೆ ಒಂದು ಖಾಲಿ ಡಬ್ಬಿ ಬೋರಲು ಹಾಕಿ ಕೂತರು. ಮಡಿಲಲ್ಲಿ ಕೈ ಜೋಡಿಸಿಕೊಂಡು ಮುಂದಿನ ತೆಂಗಿನ ಮರವನ್ನು ನೋಡಿದರು. ಮರ ಹಿಂದಕ್ಕೆ ಹೋಗುತ್ತದೆ ಎಂದು ಕಾಯುವವರ ಹಾಗೆ.

"ಬಾಗಿಲು ಹಾಕಯ್ಯ, ಹೊತ್ತಾಯ್ತು," ಎಂದ ನಾಗಣ್ಣ ನನಗೆ.

ಹಾಕಲು ಹೋದೆ. ಹಾಕಿಕೊಳ್ಳಲಿಲ್ಲ. ಹಿಡಿ ನನ್ನ ಕೈಯಲ್ಲೇ ಇತ್ತು.