ನೆಟ್ಟ ಕಂಬದ ಹೆಸರು: ಶಂಕುವೋ ನೆರಳುಗೋಲೋ?

ತುರ್ತಾಗಿ ಒಂದು ಪದ ಬೇಕು. ಜಯನಗರದ ನಮ್ಮ ಉದ್ಯಾನದಲ್ಲಿ ಮಕ್ಕಳಿಗೆಂದು ಒಂದು ಕಂಬ ನೆಟ್ಟಿದ್ದೇವೆ. ಅದರ ನೆರಳು ನೋಡಿ ದಿಕ್ಕು ಹಿಡಿಯಬೇಕು. ಇಂಗ್ಲಿಷಿನಲ್ಲಿ ಗ್ನೋಮನ್. ಫಲಕ ಬರೆಯುವವನು ಸಂಜೆ ಐದಕ್ಕೆ ಬರುತ್ತಾನೆ. ಒಂದು ಸಾಲು ನಾನೇ ಬರೆದಾಗಿದೆ: ‘ಮಧ್ಯಾಹ್ನ ಇದರ ನೆರಳು ಉತ್ತರ ದಿಕ್ಕನ್ನು ತೋರಿಸುತ್ತದೆ.’ ಕಂಬಕ್ಕೆ ಏನೆನ್ನಲಿ?

—

ನೆರಳುಗೋಲು. ಊರುಗೋಲು, ಅಳತೆಗೋಲು ಇರುವ ನುಡಿಗೆ ಇದೇನು ಭಾರವೇ? ‘ಉತ್ತರ’ ತೆಗೆದು ‘ಬಡಗಣ’ ಮಾಡಿ.

—

> ನೆರಳುಗೋಲು

ಪದ ಕಟ್ಟುವ ಚಟ ಬಿಟ್ಟು ಇರುವ ಪದ ನೋಡಿ: ಶಂಕು. 12 ಅಂಗುಲದ ಗೂಟ. ಅದರ ಸುತ್ತ ವೃತ್ತ ಎಳೆಯುತ್ತಿದ್ದರು. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಕ್ಕೆ ಸರಿಯುವಲ್ಲಿ ಒಂದು ಚುಕ್ಕಿ, ಇಳಿಹೊತ್ತಿನಲ್ಲಿ ಆಚೆ ದಾಟುವಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ–ಪಶ್ಚಿಮದ ಗೆರೆ. ಶಂಕುಸ್ಥಾಪನೆಯಲ್ಲಿರುವ ಶಂಕು ಇದೇ. ಈಗ ಗೂಟ ಹೋಗಿ ಮಂತ್ರಿಗಳ ಹೆಸರು ಕೆತ್ತಿದ ಕಲ್ಲು ಉಳಿದಿದೆ, ಅಷ್ಟೇ.

ಪದ ಹಾಗಿರಲಿ, ನಿಮ್ಮ ಸಾಲೇ ತಪ್ಪು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋದರೆ ಮರಳುವುದು ಆಗಸ್ಟ್ 18ರ ಸುಮಾರಿಗೆ. ಆ ಎರಡು ದಿನ ನಡುಹಗಲಿನ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ನಡುವಿನ ಸುಮಾರು ನಾಲ್ಕು ತಿಂಗಳು ದಕ್ಷಿಣಕ್ಕೆ ಚಾಚುತ್ತದೆ. ಬೇಸಿಗೆ ರಜೆಯಲ್ಲಿ ನಿಮ್ಮ ಫಲಕವನ್ನು ನಂಬಿದ ಮಗು ಲಾಲ್‌ಬಾಗಿಗೆ ಹೊರಟು ಜೆ.ಪಿ. ನಗರ ಸೇರುತ್ತದೆ. ಗಡಿಯಾರದ 12 ಕೂಡ ನಡುಹಗಲಲ್ಲ. ಏಪ್ರಿಲ್ ಕೊನೆಯಲ್ಲಿ ಅದು 12 ಗಂಟೆ 18 ನಿಮಿಷದ ಆಸುಪಾಸು.

—

ಶಂಕು ಎಂದರೆ ಶಾಲೆಯ ಮಕ್ಕಳಿಗೆ ಐಸ್‌ಕ್ರೀಮಿನ ಆಕಾರ ನೆನಪಾಗುತ್ತದೆ, ಗೂಟವಲ್ಲ. ಹೊತ್ತು ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಮೂಡುಬಿದಿರೆ, ಪಡುಬಿದ್ರಿ, ತೆಂಕುತಿಟ್ಟು, ಬಡಗುತಿಟ್ಟು ಎನ್ನುವ ಜನ ದಿಕ್ಕನ್ನೂ ಸಾಲ ತರಬೇಕೇ?

—

ಹೊತ್ತು ಮೂಡುವ ಕಡೆಯೇ ಮೂಡಣವಾದರೆ ಡಿಸೆಂಬರಿನಲ್ಲಿ ನಿಮ್ಮ ಮೂಡಣ ಇಲ್ಲಿ 24 ಡಿಗ್ರಿ ತೆಂಕಣಕ್ಕೆ ಜರುಗುತ್ತದೆ, ಜೂನ್‌ನಲ್ಲಿ ಅಷ್ಟೇ ಬಡಗಣಕ್ಕೆ. ಸಾಲದ ಪೂರ್ವ ಅಲುಗುವುದಿಲ್ಲ. ನೆರಳು ಅಡಗುವ ಆ ದಿನವನ್ನು ಪತ್ರಿಕೆಗಳು ‘ಶೂನ್ಯ ನೆರಳು’ ಎಂದಾಗ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸವೆಂದು ಗುಡುಗಿದವರೂ ತಾವೇ ಅಲ್ಲವೇ? ಸಂಸ್ಕೃತ ವ್ಯಾಕರಣದ ಆ ಮಡಿ ಎಲ್ಲಿಂದ ಬಂತು?

—

ಐದೂಕಾಲು. ಅವನು ಬಂದು ಕುಂಚ ಹಿಡಿದು ಕೂತಿದ್ದಾನೆ. ಇದು ಕೋಲಲ್ಲ, ಆರಡಿ ಕಂಬ. ಹಾಗಾಗಿ ‘ನೆರಳುಗಂಬ’ ಎಂದು ಬರೆಸಿದೆ. ಕೆಳಗೆ ವೃತ್ತ, ಎರಡು ಚುಕ್ಕಿ. ಉತ್ತರದ ಸಾಲನ್ನು ಅಳಿಸಿದೆ. ಬಣ್ಣ ಇನ್ನೂ ಹಸಿಯಾಗಿತ್ತು, ಅಂಗೈಯೆಲ್ಲ ನೀಲಿ.