ಪದ ಬೇಕು: ಡ್ರಿಫ್ಟ್‌ವುಡ್, ಮತ್ತು ಅದು ನೀರಿಗೆ ಬಿಡುವ ಬಣ್ಣ (ನಾಳೆ ಸಂಜೆಯೊಳಗೆ)

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ಬಿ.ಎಚ್. ರಸ್ತೆಯಲ್ಲಿ ನಮ್ಮ ಚಿಕ್ಕಪ್ಪನದು ಸಾಕುವ ಮೀನಿನ ಅಂಗಡಿ. ತೊಟ್ಟಿಯೊಳಗೆ ಇಡುವ ಮರದ ತುಂಡುಗಳೂ ಇವೆ. ಮಾರ್ಕೋನಹಳ್ಳಿ ಹಿನ್ನೀರು ಇಳಿದಾಗ ಅಂಚಿನಲ್ಲಿ ಸಿಗುತ್ತವಲ್ಲ, ಶಿಂಷಾ ಹೊಳೆ ತಂದು ಬಿಟ್ಟ ಬೇರು, ಬೊಡ್ಡೆ, ಅಂಥವು. ಅಂಗಡಿಯಲ್ಲಿ ಎಲ್ಲರೂ "ಡ್ರಿಫ್ಟ್‌ವುಡ್" ಅಂತಲೇ ಅನ್ನುತ್ತಾರೆ.

ಹೋದ ತಿಂಗಳು ಒಬ್ಬರು ತುಂಡು ಕೊಂಡು ಸೀದಾ ತೊಟ್ಟಿಗೆ ಹಾಕಿದರು. ಅದು ತೇಲಿತು. ಮೂರನೇ ದಿನಕ್ಕೆ ನೀರು ಟೀ ಡಿಕಾಕ್ಷನ್ ಥರ ಆಯಿತು. ವಾಪಸ್ ತಂದು ಮೇಜಿನ ಮೇಲೆ ಕುಕ್ಕಿ, "ಬಣ್ಣ ಹಚ್ಚಿ ಮಾರ್ತೀರಾ?" ಅಂತ ಕೇಳಿದರು. ಅದಕ್ಕೇ ಒಂದು ಬೋರ್ಡ್ ಬರೆಯುತ್ತಿದ್ದೇನೆ. ನಾನು ಬರೆದದ್ದು ಇಷ್ಟು: "ತೇಲುಮರ. ಬಳಸುವ ಮುನ್ನ ಸಂಸ್ಕರಿಸಿ. ಕಂದು ಬಣ್ಣ ಟ್ಯಾನಿನ್‌ನಿಂದ." ಚಿಕ್ಕಪ್ಪ ಓದಿ, "ಯಾರಿಗಮ್ಮ ಅರ್ಥ ಆಗೋದು ಇದು?" ಅಂದರು. ಮೂರೂ ಪದಕ್ಕೆ ಬೇರೆ ಬೇಕು. ದಯವಿಟ್ಟು ಬೇಗ ಹೇಳಿ.

ಬೆಂಗಳೂರಿನಿಂದ:

ಪ್ಲವಕಾಷ್ಠ. ಪ್ಲವ ಎಂದರೆ ತೇಲುವುದು. ಟ್ಯಾನಿನ್‌ಗೆ ಕಷಾಯದ್ರವ್ಯ. ಪಾರಿಭಾಷಿಕ ಪದಕ್ಕೆ ಸಂಸ್ಕೃತವೇ ಸರಿ, ಬೇರೆ ರಾಜ್ಯದವರಿಗೂ ತಿಳಿಯುತ್ತದೆ. ತೀರಾ ಸುಲಭ ಬೇಕೆಂದರೆ ಜಲಗೊರಡು.

ಕೋಲಾರದಿಂದ:

ಜಲಗೊರಡು ಅರಿಸಮಾಸ. ಬೇಡ. ಪ್ಲವಕಾಷ್ಠ ಓದಿದ ಗಿರಾಕಿ ಔಷಧಿ ಅಂದುಕೊಳ್ಳುತ್ತಾನೆ. ಅದೂ ಬೇಡ.

ಕನ್ನಡದ ದಾರಿ ಇರುವಾಗ ಯಾಕೆ ಅಲೆಯಬೇಕು? ತೇಲುಗಣ್ಣು ಇದೆಯಲ್ಲ, ಹಾಗೆಯೇ ತೇಲುಗೊರಡು. ಕಕಾರ ಗಕಾರ ಆಗಲೇಬೇಕು. "ತೇಲುಮರ" ಅಂದರೆ ಇಡೀ ಮರ ತೇಲಿದ ಹಾಗಾಯಿತು. ಕೊರಡು ಎಂದರೆ ರೆಂಬೆ ಹೋದ, ಮತ್ತೆ ಚಿಗುರದ ಒಣ ತುಂಡು. ಬಸವಣ್ಣನವರ ವಚನದಲ್ಲಿ ಕೊರಡು ಕೊನರುವ ಮಾತು ಬರುತ್ತದೆ. ಆಗದ್ದು ಆಗುತ್ತದೆ ಅನ್ನುವುದಕ್ಕೆ ಅಲ್ಲಿ ಕೊರಡೇ ಬೇಕಾಯಿತು. ಇಷ್ಟು ಗಟ್ಟಿ ಪದ ಬಿಟ್ಟು ಕಾಷ್ಠ ಯಾಕೆ?

ಗುಬ್ಬಿಯಿಂದ:

ತಂಗಿ, ಕೊರಡಿನ ವಿಷಯ ಅವರೇ ನೋಡಿಕೊಳ್ಳಲಿ. ನಾನು ಬಣ್ಣದ ಬಗ್ಗೆ ಹೇಳುತ್ತೇನೆ.

ಟ್ಯಾನಿನ್ ಅಂದರೆ ಒಗರು. ಬಾಳೆಕಾಯಿ ಕಚ್ಚಿದರೆ ನಾಲಿಗೆ ಹಿಡಿಯುತ್ತಲ್ಲ, ಅದೇ. ಆದರೆ ಒಗರು ರುಚಿ. ನೀರಿಗೆ ಇಳಿದು ಬಣ್ಣ ಆದ ಮೇಲೆ ಅದು ಚೊಗರು. ಎಳೆ ಅಡಿಕೆ ಬೇಯಿಸಿದ ಹಂಡೆಯಲ್ಲಿ ಕೆಂಪು ನೀರು ಉಳಿಯುತ್ತದೆ. ಅದನ್ನೇ ಮತ್ತೆ ಮತ್ತೆ ಬಳಸಿ ಗಟ್ಟಿ ಮಾಡಿಕೊಂಡು ಅಡಿಕೆಗೆ ಬಣ್ಣ ಕೊಡುತ್ತೇವೆ. ಬಿಳಿ ಅಂಗಿಗೆ ಒಂದು ಹನಿ ಬಿದ್ದರೆ ಅಂಗಿ ಹೋಯಿತು ಅಂತಲೇ ಲೆಕ್ಕ. ನಿಮ್ಮ ಅಂಗಡಿಗೆ ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯವರು ಬರುವುದಿಲ್ಲವಾ? "ಕೊರಡು ಚೊಗರು ಬಿಡುತ್ತದೆ" ಅಂತ ಬರೆಯಿರಿ. ಯಾರೂ ಬಣ್ಣ ಹಚ್ಚಿದ್ದೀರಾ ಅಂತ ಕೇಳಲ್ಲ.

"ಸಂಸ್ಕರಿಸಿ" ತೆಗೆದು "ಹದ ಮಾಡಿ" ಅನ್ನಿ. ಚರ್ಮ ಹದ ಮಾಡುವಾಗ ತಂಗಡಿ ಚಕ್ಕೆಯ ಒಗರು ಚರ್ಮದೊಳಗೆ ಇಳಿಯಬೇಕು. ಇಲ್ಲಿ ಮರದ ಒಗರು ಹೊರಗೆ ಬರಬೇಕು. ಎರಡೂ ಹದವೇ.

ತೀರ್ಥಹಳ್ಳಿಯಿಂದ:

ಚೊಗರು ಅಲ್ಲ, ತೊಗರು. ತಮಿಳಿನ ತುವರ್ ನೋಡಿ, ಒಗರು ಅಂತಲೂ ಅರ್ಥ, ಕೆಂಪು ಅಂತಲೂ ಅರ್ಥ. ಅವರ ತುವರೈ ನಮ್ಮ ತೊಗರಿ. ಹಾಗೆಯೇ ತುವರ್ ನಮ್ಮ ತೊಗರು. ಮೊದಲ ಅಕ್ಷರ ತಕಾರವೇ ಇರಬೇಕು.

ಗುಬ್ಬಿಯಿಂದ:

ಯಾವುದು ಹಳೆಯದು ಅಂತ ಅವರು ಕೇಳಿಲ್ಲ. ಬೋರ್ಡ್ ನೇತುಹಾಕುವುದು ತುಮಕೂರಿನಲ್ಲಿ.

ಕೋಲಾರದಿಂದ:

ಮೊದಲು ಆ "ಬೋರ್ಡ್" ಬಿಡಿ. ಹಲಗೆ ಇಲ್ಲವೇ? ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕೊನೆಗೆ ಕ್ರಿಯಾಪದ ಮಾತ್ರ ನಮ್ಮದು ಉಳಿಯುತ್ತದೆ.

ಗುಬ್ಬಿಯಿಂದ:

ಗಿರಾಕಿ ಅಂತ ಬರೆದಿದ್ದೀರಿ ಸರ್, ಅದು ಯಾವ ಊರಿನದು? ಅವರ ಪತ್ರದಲ್ಲಿ ಮೇಜು ಇದೆ, ವಾಪಸ್ ಇದೆ. ಯಾವುದೂ ಇಲ್ಲಿ ಹುಟ್ಟಿದ್ದಲ್ಲ. ಬಂದ ಪದ ಬಾಗಿಲಲ್ಲೇ ನಿಲ್ಲಲಿ ಅಂದರೆ ಆಗುತ್ತದಾ? ನನಗೆ ಬೇಜಾರಾಗುವುದು ಬೇರೆ ಕಾರಣಕ್ಕೆ. ಚೊಗರು ನಮ್ಮ ಹಿತ್ತಲಲ್ಲೇ ಇದ್ದೂ ಟ್ಯಾನಿನ್ ಬರೆಯುತ್ತೇವೆ. ಅದು ತಪ್ಪು.

ತುಮಕೂರಿನಿಂದ:

ಗುಬ್ಬಿಯ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ಚೊಗರು, ಹದ, ಎರಡೂ ತಗೊಂಡೆ. ಚಿಕ್ಕಪ್ಪನಿಗೆ ಓದಿ ಹೇಳಿದೆ, ಒಂದೇ ಸಲಕ್ಕೆ ಒಪ್ಪಿದರು.

ಕೋಲಾರದ ಸರ್, ಕೊರಡು ಇಟ್ಟುಕೊಂಡಿದ್ದೇನೆ. "ತೇಲು" ಮಾತ್ರ ಆಗುವುದಿಲ್ಲ. ತೊಟ್ಟಿಯಲ್ಲಿ ಇದು ಮುಳುಗಲೇಬೇಕು. ತೇಲುಗೊರಡು ಅಂತ ಬರೆದರೆ ತೇಲುವುದೇ ಸರಿ ಅಂದುಕೊಳ್ಳುತ್ತಾರೆ. ನಮ್ಮ ಹಿತ್ತಲಲ್ಲಿ ಈಗಲೂ ಒಂದು ಬಕೆಟ್‌ನಲ್ಲಿದೆ, ಮೇಲೆ ಒರಳಿನ ಗುಂಡು. ಹದಿನಾರು ದಿನ ಆಯಿತು. ಮೊದಲ ದಿನ ಕೈ ಹಾಕಿದರೆ ಬೆರಳು ಕಾಣುತ್ತಿರಲಿಲ್ಲ. ಈಗ ತಳದ ಗೀರು ಕಾಣುತ್ತದೆ. ನಿನ್ನೆ ಗುಂಡು ಎತ್ತಿದೆ, ಒಂದು ತುದಿ ಮಾತ್ರ ನಿಧಾನಕ್ಕೆ ಎದ್ದಿತು.

ಇನ್ನೊಂದು ಪದ: ತೊಟ್ಟಿಗೆ ಇಟ್ಟ ವಾರದಲ್ಲಿ ಕೊರಡಿನ ಮೇಲೆ ಬಿಳಿಯದು ಕಟ್ಟುತ್ತದೆ. ಮೀನಿಗೆ ತೊಂದರೆ ಇಲ್ಲ, ತಾನೇ ಹೋಗುತ್ತದೆ. ಪಾಚಿ ಅನ್ನಲೇ? "ಕುದಿಸಿ" ಅಂತ ಬರೆದದ್ದು ಸರಿಯಾ?

ಕೋಲಾರದಿಂದ:

ಪಾಚಿ ಹಸಿರು. ಇದು ಲೋಳೆ. ಕುದಿಯುವುದು ನೀರು, ಕೊರಡಲ್ಲ. "ಬೇಯಿಸಿ" ಅನ್ನಿ. ತೇಲು ಬಿಡುವುದಕ್ಕೆ ಒಪ್ಪಿದೆ.

ಗುಬ್ಬಿಯಿಂದ:

ಬೇಯುವುದು ಅಂದರೆ ಮೆತ್ತಗಾಗುವುದು. ಮೆತ್ತಗಾದ ಕೊರಡು ಒಲೆಗೇ ಸರಿ. ಬೇಡ.

ತುಮಕೂರಿನಿಂದ:

ಇಬ್ಬರ ಮಾತೂ ಸರಿ ಅನ್ನಿಸಿತು. ಪ್ರಿಂಟಿಗೆ ಕೊಟ್ಟದ್ದು ಇದು:

"ತೊಟ್ಟಿಗೆ ಇಡುವ ಕೊರಡು (ಡ್ರಿಫ್ಟ್‌ವುಡ್). ಹದ ಮಾಡಿಯೇ ಇಡಿ. ತೊಗಟೆ ಪೂರ್ತಿ ತೆಗೆಯಿರಿ. ಉಗುರು ಒತ್ತಿದರೆ ಇಳಿಯುವ ಜಾಗ ಕೆತ್ತಿಹಾಕಿ. ಬ್ರಶ್‌ನಿಂದ ಉಜ್ಜಿ, ಸೋಪು ಬೇಡ. ಕುದಿಯುವ ನೀರಿನಲ್ಲಿ ಒಂದೆರಡು ಗಂಟೆ ಇಡಿ. ಆಮೇಲೆ ಮೇಲೆ ಕಲ್ಲು ಹೇರಿ ನೆನೆಹಾಕಿ, ನೀರು ಬದಲಿಸುತ್ತಿರಿ. ತಾನಾಗಿ ಮುಳುಗಬೇಕು. ಎರಡು ವಾರವೂ ಆಗಬಹುದು, ತಿಂಗಳೂ ಆಗಬಹುದು. ಕೊರಡು ಚೊಗರು ಬಿಡುತ್ತದೆ, ಅದು ಹಚ್ಚಿದ ಬಣ್ಣ ಅಲ್ಲ. ಬಿಳಿ ಲೋಳೆ ಕಟ್ಟಿದರೆ ಹೆದರಬೇಡಿ. ನೀವೇ ಆರಿಸಿ ತರುವುದಾದರೆ ನೀಲಗಿರಿ, ಕಣಗಿಲೆ ಬೇಡ."

ಹಲಗೆಗೆ ಜಾಗ ಸಾಲದು ಅಂತ ಪ್ರಿಂಟಿನವರು "ತೊಟ್ಟಿಗೆ ಇಡುವ" ತೆಗೆಯಲು ಹೇಳಿದರು. ತೆಗೆಯಲಿಲ್ಲ, ಅಕ್ಷರ ಚಿಕ್ಕದು ಮಾಡಿಸಿದೆ.