ತರವಾಡು ಮನೆ ಗುಂಪಿನಲ್ಲಿ ಒಂಬತ್ತು ಚೌಕದ ಹೊಟ್ಟೆ

ಅಪ್ಪಚ್ಚಿ, ಪೆರ್ಲ: (ಚಿತ್ರ: ಒಂಬತ್ತು ಚೌಕದ ಹೊಟ್ಟೆ, ‘ಎಲ್ಲಿ ನೋವು, ಯಾವ ರೋಗ’) ಎಲ್ಲರೂ ಫೋನಿನಲ್ಲಿ ಇಟ್ಟುಕೊಳ್ಳಿ. ಎಲ್ಲದಕ್ಕೂ ಮಂಗಳೂರಿಗೆ ಓಡುವುದು ಬೇಡ. 2020ರಲ್ಲಿ ಕೊರೋನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ನಮ್ಮ ಗತಿ ನೋಡಿದ್ದೀರಲ್ಲ.

ವಿದ್ಯಾ, ಮಂಗಳೂರು: ಅಪ್ಪಚ್ಚಿ, ಒಂಬತ್ತು ಭಾಗ ನಮಗೂ ನರ್ಸಿಂಗಿನಲ್ಲಿ ಕಲಿಸಿದ್ದಾರೆ. ಅದು ನೋವು ಎಲ್ಲಿದೆ ಅಂತ ಬರೆದಿಡಲು. ಚೌಕ ನೋಡಿ ಕಾಯಿಲೆ ಹೇಳಲು ಆಗುವುದಿಲ್ಲ.

ಅಪ್ಪಚ್ಚಿ: ಬಲಗಡೆ ಕೆಳಗೆ ಅಂದ್ರೆ ಅಪೆಂಡಿಕ್ಸ್. ಸುಳ್ಳಾ?

ವಿದ್ಯಾ: ಸುಳ್ಳಲ್ಲ. ಬಲ ಸೊಂಟದ ಎಲುಬಿನ ತುದಿಯಿಂದ ಹೊಕ್ಕುಳಿಗೆ ಗೆರೆ ಎಳೆದರೆ, ಎಲುಬಿನ ಕಡೆಯಿಂದ ಮೂರರಲ್ಲಿ ಒಂದು ಪಾಲು ದೂರದಲ್ಲಿ ಆ ಜಾಗ. ಮ್ಯಾಕ್‌ಬರ್ನಿ ಎಂಬ ಸರ್ಜನ್ 1889ರಲ್ಲೇ ಹೇಳಿದ್ದು. ಆದರೆ ನೋವು ಹೆಚ್ಚಾಗಿ ಹೊಕ್ಕುಳ ಸುತ್ತ ಶುರುವಾಗುತ್ತದೆ. ಊಟ ಸೇರುವುದಿಲ್ಲ, ವಾಕರಿಕೆ. ಬಲಕ್ಕೆ ಇಳಿಯುವುದು ಕೆಲವು ಗಂಟೆ ಕಳೆದು. ನಿಮ್ಮ ಚಿತ್ರದಲ್ಲಿ ಹೊಕ್ಕುಳ ಚೌಕಕ್ಕೆ ‘ಗ್ಯಾಸ್’ ಅಂತ ಬರೆದಿದೆ!

ಗಿರಿಜತ್ತೆ, ಬದಿಯಡ್ಕ: ಓಮದ ಕಷಾಯ ಕುಡಿಯಿರಿ. ಕಮ್ಮಿಯಾಗದಿದ್ದರೆ ಹರಳೆಣ್ಣೆ.

ವಿದ್ಯಾ: ಅಯ್ಯೋ ಅತ್ತೆ, ಹರಳೆಣ್ಣೆ ಬೇಡವೇ ಬೇಡ. ಅಪೆಂಡಿಕ್ಸ್ ಊದಿದ್ದರೆ ಭೇದಿಯ ಮದ್ದಿನಿಂದ ಒಡೆಯಬಹುದು. ಒಡೆದ ಹೊತ್ತಿಗೆ ನೋವು ತುಸು ಇಳಿಯುವುದೂ ಉಂಟು. ಗುಣವಾಯಿತು ಅಂತ ನಾವು ಸುಮ್ಮನಾಗುತ್ತೇವೆ.

ಗಣೇಶ ಭಾವ, ಕುಂಬಳೆ: ಡಾಕ್ಟರೂ ಒತ್ತಿ ನೋಡುವುದೇ ಅಲ್ವಾ? ಅದಕ್ಕೆ 500 ರೂಪಾಯಿ 😄

ವಿದ್ಯಾ: ಒತ್ತುವ ಮೊದಲೇ ಎಷ್ಟೋ ಕೆಲಸ ಆಗಿರುತ್ತದೆ ಭಾವ. ಹೊಟ್ಟೆ ಉಬ್ಬಿದೆಯಾ, ಉಸಿರಾಡುವಾಗ ಅಲುಗುತ್ತದಾ ಅಂತ ಸುಮ್ನೆ ನೋಡುತ್ತಾರೆ. ಆಮೇಲೆ ಸ್ಟೆತೊಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುತ್ತಾರೆ. ಒತ್ತಿದರೆ ಸದ್ದು ಬದಲಾದೀತು ಅಂತ ಕೇಳುವುದು ಮೊದಲು. ಒತ್ತುವುದೂ ನೋವಿಲ್ಲದ ಕಡೆಯಿಂದ, ಕಣ್ಣು ರೋಗಿಯ ಮುಖದ ಮೇಲೆ. ನಮ್ಮ ವಾರ್ಡಿನ ಸರ್ಜನ್ ಒಬ್ಬರು ಅಂಗೈ ಉಜ್ಜಿ ಬಿಸಿ ಮಾಡಿಕೊಂಡೇ ಮುಟ್ಟುವುದು. ತಣ್ಣನೆ ಕೈ ತಾಗಿದರೆ ಯಾರ ಹೊಟ್ಟೆಯೂ ಬಿಗಿಯುತ್ತದೆ. ಮಾತಾಡಿಸಿದರೂ ಸಡಿಲವಾಗದೆ ಹಲಗೆ ಹಾಗೆ ಗಟ್ಟಿ ಇದ್ದರೆ ಅದು ಬೇರೆಯೇ ವಿಷಯ, ಆಗ ಆಪರೇಷನ್ ಥಿಯೇಟರಿಗೆ ಫೋನ್ ಹೋಗುತ್ತದೆ.

ಭಾವ: ಸರಿ ಮಾರಾಯ್ತಿ, 500 ವಾಪಸ್ ಕೇಳುವುದಿಲ್ಲ.

ಅಪ್ಪಚ್ಚಿ: ಮೇಲಿನ ನಡು ಚೌಕ ಅಸಿಡಿಟಿ ಅನ್ನುವುದಾದರೂ ಸರಿಯಾ?

ವಿದ್ಯಾ: ನಿಮಗಂತೂ ಅಲ್ಲ. ನಿಮಗೆ ಶುಗರ್ ಇದೆ. ಹಾರ್ಟ್ ಅಟ್ಯಾಕ್ ಕೂಡ ಅಲ್ಲೇ ನೋಯಿಸಬಹುದು. ಬೆವರು, ಏದುಸಿರು ಜೊತೆಗಿದ್ದರೆ ಮಾತ್ರೆ ನುಂಗಿ ಮಲಗಬೇಡಿ. ಹತ್ತಿರ ಎಲ್ಲಿ ಇಸಿಜಿ ಇದೆಯೋ ಅಲ್ಲಿಗೆ ಹೋಗಿ, ಮಂಗಳೂರೇ ಆಗಬೇಕಂತಿಲ್ಲ.

ಅಪ್ಪಚ್ಚಿ: ಆಯ್ತು. ಚಿತ್ರ ಇರಲಿ, ಕೆಳಗೆ ನಿನ್ನ ಮಾತೂ ಇದೆಯಲ್ಲ.

ವಿದ್ಯಾ: ಅಡಿಕೆ ಬೆಳೆಗಾರರ ಗುಂಪಿಗೂ ಕಳಿಸಿದ್ದೀರಲ್ಲ. ಅಲ್ಲಿ ಎಲ್ಲಿದೆ ನನ್ನ ಮಾತು?